ಋಣ ತೀರಿಸದವರ ಪ್ರೇರಣೋಪದೇಶ

ನೌಕರರಲ್ಲಿ ಕಾರ್ಯೋತ್ಸಾಹವನ್ನು ಪ್ರೇರೇಪಿಸುವುದು ಹೇಗೆ ಎಂಬ ಪ್ರಶ್ನೆ ಇಂದು ವರ್ತಕರ ಸಭೆಗಳಲ್ಲೆಲ್ಲ ಕೇಳಿಬರುತ್ತದೆ. ಅದಕ್ಕಾಗಿ ಶಿಬಿರಗಳು ನಡೆಯುತ್ತವೆ, ದೂರದ ಊರುಗಳಿಂದ ಭಾಷಣಕಾರರು ಬರುತ್ತಾರೆ, ಅಂಗಡಿಯ ಗೋಡೆಗಳ ಮೇಲೆ ಹಿತವಚನಗಳು ಏರುತ್ತವೆ. ಆದರೆ ಶಿಬಿರಕ್ಕೆ ಬಂದು ಕುಳಿತ ಗುಮಾಸ್ತನಿಗೆ ಹಿಂದಿನ ತಿಂಗಳ ಸಂಬಳ ಸಂದಿದೆಯೇ ಎಂದು ವಿಚಾರಿಸುವವರು ವಿರಳ. ಭಾಷಣಕಾರನಿಗೆ ಮುಂಗಡ, ಗುಮಾಸ್ತನಿಗೆ ವಾಯಿದೆ! ಈ ವೈಪರೀತ್ಯಕ್ಕೆ ಶಾಸ್ತ್ರದ ಹೆಸರು ಕೊಡುವುದು ಶಾಸ್ತ್ರಕ್ಕೂ ಅಪಚಾರ, ಧರ್ಮಕ್ಕೂ ಅಪಚಾರ.

ಲೆಕ್ಕಶಾಸ್ತ್ರದ ಆರಂಭದ ಪಾಠಗಳನ್ನು ಕಲಿತವನೂ ಬಲ್ಲ ಸಂಗತಿಯೊಂದಿದೆ. ದುಡಿಮೆ ಮುಗಿದು ಕೂಲಿ ಸಂದಾಯವಾಗದೆ ಉಳಿದರೆ, ಆ ಮೊತ್ತವು ಅಢಾವೆ ಪತ್ರಿಕೆಯಲ್ಲಿ ಹೊಣೆಗಳ ಭಾಗಕ್ಕೆ ಸೇರುತ್ತದೆ. ಬ್ಯಾಂಕಿನ ಸಾಲ, ಸರಕು ಕೊಟ್ಟವನ ಬಾಕಿ ಇವುಗಳ ಜೊತೆಯಲ್ಲೇ ನಿಲ್ಲುತ್ತದೆ. ಅದು ಯಜಮಾನನ ಔದಾರ್ಯವಲ್ಲ, ಪ್ರೋತ್ಸಾಹಧನವೂ ಅಲ್ಲ, ಅದು ಋಣ. ಪ್ರೇರಣೆಯ ಪ್ರಶ್ನೆ ಏಳಬೇಕಾದುದು ಈ ಋಣ ತೀರಿದ ಮೇಲೆ.

ಆಧುನಿಕ ನಿರ್ವಹಣಾ ವಿಚಾರದ ಮೊದಲಿಗರಲ್ಲೊಬ್ಬನಾದ ಅಮೆರಿಕದ ಫ್ರೆಡರಿಕ್ ಟೇಲರನು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ವೃತ್ತಾಂತವೊಂದನ್ನು ಹೇಳುತ್ತಾನೆ. ಕಬ್ಬಿಣದ ಗಟ್ಟಿಗಳನ್ನು ಹೊರುತ್ತಿದ್ದ ಕೂಲಿಯವನೊಬ್ಬನಿಂದ, ದಿನಕ್ಕೆ 12.5 ಟನ್ನಿನ ಬದಲು 47.5 ಟನ್ ಹೊರಿಸಲಾಯಿತೆಂಬುದು ಅವನ ಲೆಕ್ಕ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಹೊರೆ ಸುಮಾರು ನಾಲ್ಕು ಪಟ್ಟಾಯಿತು. ಕೂಲಿ ಎರಡು ಪಟ್ಟೂ ಆಗಲಿಲ್ಲ. ಇಂಥ ಕೆಲಸಕ್ಕೆ ತಕ್ಕವನು ಮನೋಧರ್ಮದಲ್ಲಿ ಎತ್ತಿಗೆ ಸಮೀಪದವನು ಎಂದು ಬರೆಯುವುದಕ್ಕೂ ಟೇಲರನಿಗೆ ಸಂಕೋಚವಾಗಲಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂಬುದನ್ನು ಶ್ರಾವಕರು ಬಾಲ್ಯದಿಂದ ಕೇಳಿ ಬಲ್ಲರು. ಎತ್ತಿನ ಮೇಲೂ ಮಿತಿಮೀರಿದ ಭಾರ ಹೇರಬಾರದೆಂದು ನಂಬಿದವರು, ಮನುಷ್ಯನನ್ನೇ ಎತ್ತೆಂದು ಬಗೆದು ಭಾರ ಹೇರುವ ವಿದ್ಯೆಯನ್ನು ಮೆಚ್ಚುವುದಾದರೂ ಹೇಗೆ?

ಟೇಲರನ ಅನಂತರದ ವಿದ್ವಾಂಸರು ಈ ದೃಷ್ಟಿಯನ್ನು ಬಹುಮಟ್ಟಿಗೆ ತಿದ್ದಿದರು ಎಂಬುದನ್ನು ಒಪ್ಪಬೇಕು. 1943ರಲ್ಲಿ ಅಬ್ರಹಾಂ ಮಾಸ್ಲೋ ಮಾನವನ ಅಗತ್ಯಗಳನ್ನು ಕ್ರಮವಾಗಿ ಗುರುತಿಸಿದನು: ಅನ್ನಪಾನಾದಿ ದೇಹಧರ್ಮಗಳು, ಸುರಕ್ಷತೆ, ಸ್ನೇಹಸಂಬಂಧ, ಗೌರವ, ಕೊನೆಗೆ ತನ್ನ ಶಕ್ತಿಯ ಪೂರ್ಣ ವಿಕಾಸ. ಫ್ರೆಡರಿಕ್ ಹರ್ಜ್‌ಬರ್ಗನೂ ಅವನ ಸಹಚರರೂ ಪಿಟ್ಸ್‌ಬರ್ಗ್ ಪ್ರದೇಶದ 203 ಮಂದಿ ಇಂಜಿನಿಯರರನ್ನೂ ಲೆಕ್ಕಪತ್ರಜ್ಞರನ್ನೂ ಪ್ರಶ್ನಿಸಿ 1959ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಸಾಧನೆ, ಮನ್ನಣೆ, ಹೊಣೆಗಾರಿಕೆ ಇವು ಸಂತೃಪ್ತಿಯನ್ನು ಹುಟ್ಟಿಸುತ್ತವೆ. ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸರ ಇವು ಸರಿಯಿಲ್ಲದಿದ್ದರೆ ಅತೃಪ್ತಿಯನ್ನು ಹುಟ್ಟಿಸುತ್ತವೆ ಎಂಬುದು ಅವರ ಮತ. ಎರಡನೆಯ ಗುಂಪಿಗೆ ಹರ್ಜ್‌ಬರ್ಗನು ನೈರ್ಮಲ್ಯದ ಅಂಶಗಳೆಂಬ ಹೆಸರಿಟ್ಟನು. ಚರಂಡಿ ಶುಚಿಯಾಗಿದ್ದ ಮಾತ್ರಕ್ಕೆ ದೇಹ ಬಲಿಷ್ಠವಾಗದು. ಆದರೆ ಚರಂಡಿ ಕೊಳೆತರೆ ರೋಗ ತಪ್ಪದು.

ಯಜಮಾನವರ್ಗವು ಈ ತತ್ತ್ವದ ಅರ್ಧವನ್ನು ಮಾತ್ರ ಓದಿಕೊಂಡಿತು. ಹಣದಿಂದ ಪ್ರೇರಣೆ ಬರುವುದಿಲ್ಲ ಎಂಬ ವಾಕ್ಯ ಅವರಿಗೆ ಕಂಠಪಾಠ. ಹಣ ಸಲ್ಲದಿದ್ದರೆ ಉಳಿದ ಮನ್ನಣೆಯೆಲ್ಲ ವ್ಯರ್ಥ ಎಂಬ ಉತ್ತರಾರ್ಧ ಮರೆತುಹೋಗಿದೆ. ಇನ್ನೊಂದು ಪ್ರಮಾದವೂ ಇದೆ. ಹರ್ಜ್‌ಬರ್ಗನು ಪ್ರಶ್ನಿಸಿದ್ದು ಸ್ಥಿರ ವೇತನದ ವಿದ್ಯಾವಂತರನ್ನು, ಮೂಟೆ ಹೊರುವವರನ್ನಲ್ಲ. ನಾಳಿನ ಅಕ್ಕಿಯ ಚಿಂತೆ ಇಲ್ಲದವನು ಕೊಟ್ಟ ಉತ್ತರವನ್ನು ಆ ಚಿಂತೆಯಲ್ಲೇ ಮುಳುಗಿರುವವನಿಗೆ ಅನ್ವಯಿಸುವುದು ತರ್ಕವಲ್ಲ, ಅನುಕೂಲಶಾಸ್ತ್ರ.

ಇದರ ಪರಿಣಾಮವನ್ನು ಕಾಣಲು ಬಹುದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ಅಸಮಾಧಾನ ಸ್ಫೋಟಗೊಂಡು, ಗಾಜು ಯಂತ್ರಗಳೆಲ್ಲ ಪುಡಿಯಾದವು. ಆ ಹಿಂಸೆಯನ್ನು ಯಾವ ಕಾರಣದಿಂದಲೂ ಸಮರ್ಥಿಸಲಾಗದು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾದ ವೇತನ ಸಕಾಲದಲ್ಲಿ ಸಂದಿರಲಿಲ್ಲವೆಂದು ಒಂದು ವಾರದೊಳಗೆ ಆ ಸಂಸ್ಥೆಯೇ ಒಪ್ಪಿ, ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ಸ್ಥಾನದಿಂದ ತೆಗೆಯಿತು. ಅಲ್ಲಿ ಕೊರತೆಯಾಗಿದ್ದುದು ಪ್ರೇರಣೆಯಲ್ಲ, ಪಾವತಿ.

ಋಣವನ್ನು ತಡೆಹಿಡಿಯುವುದು ಒಂದು ದೋಷವಾದರೆ, ಗುರಿಯ ಹೆಸರಿನಲ್ಲಿ ನೌಕರನನ್ನು ಅಸತ್ಯಕ್ಕೆ ನೂಕುವುದು ಅದಕ್ಕಿಂತ ಸೂಕ್ಷ್ಮವಾದ ದೋಷ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಪ್ರತಿ ಗ್ರಾಹಕ ಕುಟುಂಬಕ್ಕೆ ಎಂಟು ಸೇವೆಗಳನ್ನು ಮಾರಬೇಕೆಂಬ ಗುರಿಯನ್ನಿಟ್ಟು ಸಿಬ್ಬಂದಿಯನ್ನು ಒತ್ತಾಯಿಸಿತು. ಗ್ರಾಹಕರ ಅರಿವಿಗೆ ಬಾರದಂತೆಯೇ ಲಕ್ಷಾಂತರ ಖಾತೆಗಳು ತೆರೆದವು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿದ್ದಾಗ ಲೋಕಕ್ಕೆ ತಿಳಿದದ್ದು, ಈ ಕಾರಣಕ್ಕಾಗಿ ಅಷ್ಟರೊಳಗೆ ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರೆಂದು. ಗುರಿಯನ್ನು ನಿಗದಿಪಡಿಸಿದ ವ್ಯವಸ್ಥೆಯ ಮುಖ್ಯಸ್ಥನು ಸ್ಥಾನ ತ್ಯಜಿಸಿದ್ದು ಅದಾದ ಮೇಲೆ, ಅಕ್ಟೋಬರಿನಲ್ಲಿ. ಶಿಕ್ಷೆ ಕೆಳಗಿನಿಂದ ಆರಂಭವಾಯಿತು. ಪ್ರೇರಣೆ ಮಾತ್ರ ಮೇಲಿನಿಂದ ಬಂದಿತ್ತು.

ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯನ್ನು ಇಲ್ಲಿ ನೆನೆಯಬೇಕು. ತಾನೇ ಮಾಡಿದವನು, ಇನ್ನೊಬ್ಬನಿಂದ ಮಾಡಿಸಿದವನು, ಮಾಡಿದ್ದನ್ನು ಕಂಡು ಸಂತೋಷಪಟ್ಟವನು, ಮೂವರಿಗೂ ಕರ್ಮಬಂಧವುಂಟು. ನಾಯಕತ್ವವೆಂದರೆ ಮಾಡಿಸುವುದೇ ಆದುದರಿಂದ, ಕಾರಿತದ ಹೊಣೆಯನ್ನು ಒಪ್ಪದ ನಾಯಕತ್ವಕ್ಕೆ ಅರ್ಥವಿಲ್ಲ. ಸಾಧಿಸಲಾಗದ ಗುರಿಯನ್ನು ಕೊಟ್ಟು, ತಿಂಗಳ ಕೊನೆಗೆ ಬಂದ ಅಂಕಿಗಳನ್ನು ಪ್ರಶ್ನಿಸದೆ ಹರ್ಷಿಸುವ ಯಜಮಾನನು ತನ್ನ ಕೈ ಶುದ್ಧವೆಂದು ಹೇಳಲಾರನು.

ವ್ಯಾಪಾರ ಮಂದವಾಗಿದೆ, ಗ್ರಾಹಕರಿಂದ ಹಣ ಬಂದಿಲ್ಲ, ಸಂಬಳ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಕೆಲವರ ಕಷ್ಟ ನಿಜವೇ. ಆದರೆ ಆ ತಿಂಗಳಲ್ಲಿ ಯಜಮಾನನ ಮನೆಖರ್ಚಿಗೆ ಅಂಗಡಿಯಿಂದ ತೆಗೆದ ಹಣದ ಖಾತೆಯನ್ನೂ ತೆರೆದು ನೋಡಬೇಕು. ಅದು ಎಂದಿನಂತೆ ನಡೆದಿದ್ದರೆ, ಕೊರತೆಯಾದದ್ದು ನಗದಿಗಲ್ಲ, ನ್ಯಾಯಕ್ಕೆ. ಕೈತುಂಬ ಕೊಟ್ಟರೂ ಸೋಮಾರಿಯಾಗಿರುವ ನೌಕರರಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಇದ್ದಾರೆ, ಅವರನ್ನು ತಿದ್ದುವ ನೈತಿಕ ಅಧಿಕಾರ ಕೈತುಂಬ ಕೊಟ್ಟವನಿಗೇ ಇರುತ್ತದೆ.

ಇಲ್ಲಿ ಕೇಳುತ್ತಿರುವುದು ಅಸಾಧ್ಯವಾದ ಆದರ್ಶವನ್ನಲ್ಲ. 1936ರ ವೇತನ ಪಾವತಿ ಕಾಯಿದೆಯು ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳಲ್ಲಿ ಮುಂದಿನ ತಿಂಗಳ 7ನೆಯ ದಿನ ಕಳೆಯುವುದರೊಳಗೆ ಸಂಬಳ ಸಲ್ಲಬೇಕೆಂದು ವಿಧಿಸಿತು; 2019ರ ವೇತನ ಸಂಹಿತೆಯೂ ಮಾಸಿಕ ವೇತನಕ್ಕೆ ಅದೇ ಗಡುವನ್ನಿಟ್ಟಿದೆ. ಕಾನೂನು ಹೇಳುವಷ್ಟನ್ನು ಧರ್ಮದ ಹೆಸರೆತ್ತದೆಯೇ ಮಾಡಬಹುದು. ಅದಕ್ಕಿಂತ ಒಂದು ಹೆಜ್ಜೆ ಮುಂದಿಡುವವನು ಮಾತ್ರ ಧರ್ಮದ ಮಾತನ್ನಾಡಲಿ: ಹೆಚ್ಚಿನ ಅವಧಿಯ ದುಡಿಮೆಯನ್ನು ಗಂಟೆಗಂಟೆಯಾಗಿ ಎಣಿಸಿ ಕೊಡಲಿ, ಸತ್ಯವನ್ನು ಬಿಡದೆ ಮುಟ್ಟಬಹುದಾದ ಗುರಿಯನ್ನಷ್ಟೇ ಇಡಲಿ, ತಪ್ಪಾದಾಗ ಮೊದಲು ತನ್ನ ಆಜ್ಞೆಯನ್ನು ಪರೀಕ್ಷಿಸಲಿ.

ಮುಂದಿನ ಪ್ರೇರಣಾ ಶಿಬಿರಕ್ಕೆ ದಿನ ಗೊತ್ತುಮಾಡುವ ಮುನ್ನ ಪ್ರತಿಯೊಬ್ಬ ಯಜಮಾನನು ಖಾತೆ ಪುಸ್ತಕವನ್ನು ತೆರೆದು, ಕೊಡಬೇಕಾದ ಕೂಲಿಯ ಕಲಮಿನ ಮುಂದೆ ಶೂನ್ಯವಿದೆಯೇ ಎಂದು ನೋಡಲಿ. ಶೂನ್ಯವಿಲ್ಲವಾದರೆ ಭಾಷಣಕಾರನಿಗೆಂದು ತೆಗೆದಿಟ್ಟ ಹಣ ಯಾರಿಗೆ ಸಲ್ಲಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.