ಕಾಮನಬಿಲ್ಲಿನ ಬುಡ

ಮಳೆ ಹಿಂಜರಿದು ಬಿಸಿಲು ಮೂಡಿದಾಗ, ಗದ್ದೆಯಾಚೆ ನೆಲವನ್ನು ಮುಟ್ಟಿದಂತೆ ತೋರುವ ಕಾಮನಬಿಲ್ಲಿನ ಬುಡವನ್ನು ಯಾರಾದರೂ ತಲುಪಬಲ್ಲರೇ? ಬೆನ್ನಟ್ಟಿದಷ್ಟೂ ಅದು ದೂರ ಸರಿಯುತ್ತದೆ. ಬಿಲ್ಲು ವಸ್ತುವಲ್ಲ, ಅದೊಂದು ಕೋನ.

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್, ನೀರು ತುಂಬಿದ ಗಾಜಿನ ಗೋಳವನ್ನೇ ದೊಡ್ಡದೊಂದು ಮಳೆಹನಿಯೆಂದು ಬಗೆದು, ಈ ಕೋನದ ಲೆಕ್ಕವನ್ನು 1637ರಲ್ಲಿ ಪ್ರಕಟಿಸಿದನು. ಸೂರ್ಯನು ಬೆನ್ನ ಹಿಂದಿರುವಾಗ, ನೋಡುವವನ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಓರೆಯಲ್ಲಿರುವ ಹನಿಗಳಷ್ಟೇ ಅವನ ಕಣ್ಣಿಗೆ ಕೆಂಬಣ್ಣವನ್ನು ಕಳುಹುತ್ತವೆ. ಅವನು ಹೆಜ್ಜೆಯಿಟ್ಟರೆ ಕೋನವೂ ಜೊತೆಯಲ್ಲೇ ಸಾಗುತ್ತದೆ. ಹಳೆಯ ಹನಿಗಳು ಬಣ್ಣ ಕಳೆದುಕೊಂಡು, ಹೊಸ ಹನಿಗಳು ಬಣ್ಣ ತಳೆಯುತ್ತವೆ. ವಿಮಾನದಿಂದ ನೋಡುವವನಿಗೆ ಕೆಲವೊಮ್ಮೆ ಬಿಲ್ಲು ಪೂರ್ಣ ವೃತ್ತವಾಗಿ ತೋರುವುದುಂಟು. ಆಗ ಅದಕ್ಕೆ ಬುಡವೆಂಬುದೇ ಇಲ್ಲ.

ಹೆಗಲಿಗೆ ಹೆಗಲು ತಾಗಿಸಿ ನಿಂತ ಇಬ್ಬರು ಕಾಣುವುದೂ ಒಂದೇ ಬಿಲ್ಲನ್ನಲ್ಲ. ಒಬ್ಬೊಬ್ಬರಿಗೆ ಒಂದೊಂದು.

ಹಾಗಾದರೆ ಬುಡದಲ್ಲಿ ನಿಲ್ಲುವವರು ಯಾರೂ ಇಲ್ಲವೇ? ಇದ್ದಾರೆ. ದೂರದ ಗದ್ದೆಯಲ್ಲಿ ನೆನೆಯುತ್ತ ಸಸಿ ನೆಡುವ ಹೆಂಗಸು, ರಸ್ತೆಯಲ್ಲಿ ನಿಂತ ದಾರಿಹೋಕನಿಗೆ ಆ ಬಣ್ಣಗಳ ನಡುವೆಯೇ ನಿಂತಂತೆ ಕಾಣುತ್ತಾಳೆ. ಅವಳಿಗೆ ಮಾತ್ರ ಅದರ ಅರಿವಿಲ್ಲ. ಅವಳ ಸುತ್ತ ಇರುವುದು ಬರಿಯ ಮಳೆ.