ಕತ್ತಲೆಯ ಹೊಣೆ ಯಾರದು?

ಅಪರೂಪಕ್ಕೊಮ್ಮೆ ಒದಗುವ ವಿಪತ್ತನ್ನು ದೈವದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ವಾಡಿಕೆ ನಮ್ಮ ಆಡಳಿತದಲ್ಲಿ ಬೇರೂರಿದೆ. ಅದೆಷ್ಟು ಅಪಾಯಕರವಾದುದೆಂಬುದಕ್ಕೆ 2012ನೆಯ ಇಸವಿಯ ಮಹಾಕತ್ತಲೆಯೇ ಸಾಕ್ಷಿ. ಆ ವರ್ಷ ಜುಲೈ 30ರ ನಸುಕಿನಲ್ಲಿ ಉತ್ತರ ಭಾರತದ ವಿದ್ಯುಜ್ಜಾಲವು ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಒಟ್ಟಿಗೆ ನೆಲಕಚ್ಚಿದವು. 60 ಕೋಟಿಗೂ ಮಿಕ್ಕ ಜನರು ವಾಸಿಸುವ ಭೂಭಾಗಕ್ಕೆ ವಿದ್ಯುತ್ತು ತಪ್ಪಿತು. ರೈಲುಗಾಡಿಗಳು ನಡುದಾರಿಯಲ್ಲಿ ನಿಂತವು. ಪಶ್ಚಿಮ ಬಂಗಾಳದ ಕಲ್ಲಿದ್ದಲ ಗಣಿಗಳಲ್ಲಿ ಕೆಲಸಗಾರರು ಭೂಗರ್ಭದಲ್ಲಿ ಸಿಕ್ಕಿಕೊಂಡರು.

ಇದು ಸಿಡಿಲಿನಿಂದಲೋ ಭೂಕಂಪದಿಂದಲೋ ಆದುದಲ್ಲ. ಬೀನಾ–ಗ್ವಾಲಿಯರ್ ತಂತಿಮಾರ್ಗದ ಮೇಲೆ ಹೊರೆ ಹೆಚ್ಚಿತ್ತು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಅಧಿಕ ವಿದ್ಯುತ್ತನ್ನು ಸೆಳೆಯುತ್ತಿದ್ದವು. ನಿಯಂತ್ರಣ ಕೇಂದ್ರದ ಸೂಚನೆಗೆ ತಕ್ಕ ಮನ್ನಣೆ ದೊರೆಯಲಿಲ್ಲ. ಇದಕ್ಕೂ ಮಿಗಿಲಾದ ಸಂಗತಿಯೊಂದುಂಟು. ಜಾಲದ ಕಂಪನಾಂಕವು ಇಳಿದೊಡನೆ ಕೆಲವೆಡೆಯ ಸರಬರಾಜನ್ನು ತಾವಾಗಿಯೇ ಕಡಿದು ಉಳಿದುದನ್ನು ಕಾಪಾಡಬೇಕಾದ ರಿಲೇಗಳು, ಲೆಕ್ಕಪತ್ರದಲ್ಲಿ ತೋರಿಸಿದ್ದಷ್ಟು ನೆರವನ್ನು ಕಾರ್ಯಕಾಲದಲ್ಲಿ ಕೊಡಲಿಲ್ಲ. ಪರೀಕ್ಷೆಗೆ ನಿಲ್ಲದ ರಕ್ಷೆಯು ರಕ್ಷೆಯಿಲ್ಲದುದಕ್ಕಿಂತಲೂ ಕೆಟ್ಟದು; ಅದನ್ನು ನಂಬಿ ನಾವು ಮೈಮರೆಯುವೆವು.

ಅಂದು ಕನ್ನಡನಾಡು ಪಾರಾದುದು ನಮ್ಮ ಜಾಣ್ಮೆಯಿಂದಲ್ಲ. ದಕ್ಷಿಣದ ಜಾಲವು ಆಗ ಉಳಿದವುಗಳೊಡನೆ ಏಕಲಯದಲ್ಲಿ ಕೂಡಿರಲಿಲ್ಲ. 2013ನೆಯ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದಿಂದ ಆ ಕೂಟವು ನೆರವೇರಿತು. ದೇಶವೆಲ್ಲ ಒಂದೇ ಜಾಲವಾದುದು ಸಂತೋಷದ ವಿಷಯವೇ ಸರಿ. ಆದರೆ ನೆರವು ಬರುವ ದಾರಿಯಲ್ಲಿಯೇ ಆಪತ್ತೂ ಬರಬಲ್ಲುದೆಂಬುದನ್ನು ಮರೆಯಲಾಗದು.

ಹಾಗಾದರೆ ಹೊಣೆ ಯಾರದು? ಎಲ್ಲರದೂ ಎಂದರೆ ಯಾರದೂ ಅಲ್ಲವೆಂದೇ ಅರ್ಥ. ಜಾಲದ ರಕ್ಷಣೆಯು ವಿದ್ಯುತ್ ನಿಗಮಗಳದು. ಆಸ್ಪತ್ರೆಯ ಜನರೇಟರು ಆ ಆಸ್ಪತ್ರೆಯ ಮುಖ್ಯಾಧಿಕಾರಿಯದು. ಕುಡಿಯುವ ನೀರಿನ ಪಂಪು ಅದನ್ನು ನಡೆಯಿಸುವ ಸಂಸ್ಥೆಯದು. ಪ್ರತಿಯೊಂದಕ್ಕೂ ಹೊಣೆಗಾರನಾದ ಅಧಿಕಾರಿಯನ್ನು ಮೊದಲೇ ಗೊತ್ತುಪಡಿಸಿ, ವರ್ಷಕ್ಕೆ ಎರಡಾವರ್ತಿಯಾದರೂ ಆ ಏರ್ಪಾಡನ್ನು ನಿಜವಾದ ಹೊರೆಯ ಮೇಲೆ ನಡೆಯಿಸಿ ನೋಡಿ, ಫಲವನ್ನು ಜನರ ಮುಂದಿಡತಕ್ಕದ್ದೆಂದು ನಾವು ಒತ್ತಾಯಪಡಿಸುವೆವು.

ಎಂದೋ ಬರುವುದಕ್ಕೆ ಇಂದೇಕೆ ವೆಚ್ಚವೆಂದು ಕೇಳುವವರುಂಟು. ಶಸ್ತ್ರಚಿಕಿತ್ಸೆಯ ನಡುವೆ ದೀಪವಾರಿದ ರೋಗಿಯ ಬಂಧುಗಳ ಮುಂದೆ ಅವರು ಈ ಪ್ರಶ್ನೆಯನ್ನು ಕೇಳಬಲ್ಲರೇ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರನ್ನು ಲೋಕವು ನಗುತ್ತದೆ. ನಮ್ಮ ಬಾವಿಯಲ್ಲಿ ನೀರಿದೆಯೇ ಎಂಬುದನ್ನು ಅಧಿಕಾರಿಗಳು ಇಂದೇ ನೋಡಲಿ. ಪೌರರು ಇಂದೇ ಕೇಳಲಿ.