ಯಾವ ಎಣ್ಣೆಗೆ ಮರ್ಯಾದೆ?

ಹೋದ ತಿಂಗಳು ಅಬ್ಬಿಗೆರೆಯ ನಮ್ಮ ಮನೆಯಲ್ಲಿ ಒಂದು ಪಂಚಾಯಿತಿ ನಡೆಯಿತು. ಆರೋಪಿ ನಮ್ಮಕ್ಕ. ವಯಸ್ಸು ಐವತ್ತಾರು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಹೊಲಿಗೆ ಮಿಷನ್ ಮುಂದೆ ಕೂತವಳು. ಕೀಮೋ ಮುಗಿದ ಮೇಲೆ ಕೆಂಡ ತುಳಿದ ಹಾಗೆ ಅಂಗಾಲು ಉರಿ, ರಾತ್ರಿಯಿಡೀ ಜಾಗರಣೆ. ಆಯುರ್ವೇದ ವೈದ್ಯರೊಬ್ಬರು ಚೀಟಿ ಬರೆದು ವಿಜಯಾ ಎಣ್ಣೆ ಕೊಟ್ಟರು, ಮಲಗುವ ಮುಂಚೆ ಎರಡು ಹನಿ. ಮೂರು ತಿಂಗಳು ಅಕ್ಕ ಆ ಬಾಟಲಿಯನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ಕೊನೆಗೆ ಭಾವನ ಕೈಗೆ ಸಿಕ್ಕಿತು. ಅವರು ಫೋನಿನಲ್ಲಿ ಹೆಸರು ಹುಡುಕಿದರು. ಸಂಜೆಯೊಳಗೆ ಚಿಕ್ಕಪ್ಪ ಹಾಜರು.

"ಮನೇಲಿ ಗಾಂಜಾ ಇಟ್ಕೊಂಡಿದೀಯೇನಮ್ಮ? ಮದುವೆಗೆ ಬಂದಿರೋ ಮಗಳಿದಾಳೆ, ನೆನಪಿದ್ಯಾ?"

ಆ ಮಾತಿನ ಜೊತೆಗೆ ಚಿಕ್ಕಪ್ಪನ ಬಾಯಿಂದ ಕ್ವಾರ್ಟರ್ ವಾಸನೆಯೂ ಬಂತು. ಮೇನ್ ರೋಡಿನಲ್ಲಿ ನಿಂತು ಹಾಕಿಕೊಂಡೇ ಬಂದಿದ್ದರು. ನಮ್ಮ ಕಡೆ ಅದಕ್ಕೂ ಎಣ್ಣೆ ಅಂತಲೇ ಹೆಸರು. ಆ ಎಣ್ಣೆಗೆ ಯಾರೂ ಪಂಚಾಯಿತಿ ಕರೆಯಲಿಲ್ಲ. ಅತ್ತಿಗೆ ಎದ್ದು ಹೋಗಿ ಅವರಿಗೆ ಕಾಫಿ ತಂದಳು.

ಇಂಥ ಹೊತ್ತಿಗೆ ಬುದ್ಧಿ ಹೇಳುವ ಒಂದು ಸುಸಂಸ್ಕೃತ ವರ್ಗವಿದೆ. ಮನೆಯವರ ಜೊತೆ ಕೂತು ಮಾತಾಡಿ, ಅವರ ಆತಂಕ ಅರ್ಥ ಮಾಡಿಕೊಳ್ಳಿ, ನಿಧಾನವಾಗಿ ತಿಳಿಹೇಳಿ ಅನ್ನುತ್ತಾರೆ. ಮೈ ಉರಿಯುವುದು ನನಗೆ ಇಲ್ಲೇ. ಕಾಲು ಉರಿಯುತ್ತಿರುವವಳೇ ಪಾಠವನ್ನೂ ಮಾಡಬೇಕೇ? ಬಿಪಿ ಮಾತ್ರೆ ನುಂಗುವವರು ಯಾರ ಒಪ್ಪಿಗೆ ಕೇಳುತ್ತಾರೆ? ಚಿಕ್ಕಪ್ಪ ಎಂದಾದರೂ ನಮ್ಮನ್ನೆಲ್ಲ ಕೂರಿಸಿಕೊಂಡು ತಮ್ಮ ಕ್ವಾರ್ಟರ್ ಬಗ್ಗೆ ತಿಳಿಹೇಳಿದ್ದುಂಟೇ?

ಅವರು ಯಾಕೆ ಹೇಳಬೇಕು, ಅವರ ಹಿಂದೆ ಸರ್ಕಾರವೇ ನಿಂತಿದೆ. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ! ಕುಡಿಯುವವರು ಗುರಿ ಮುಟ್ಟದಿದ್ದರೆ ರಾಜ್ಯ ಸೊರಗುತ್ತದೆ. ಮಕ್ಕಳಿಗೆ ಲೇಖಕ್ ನೋಟ್‌ಬುಕ್ ಮಾರುವ ಸರ್ಕಾರಿ ಕಂಪನಿ ಎಂಎಸ್‌ಐಎಲ್ಲೇ ಅಪ್ಪಂದಿರಿಗೆ ಮದ್ಯದ ಅಂಗಡಿಯನ್ನೂ ಇಟ್ಟಿದೆ. 40,000 ಕೋಟಿಯ ಎಣ್ಣೆಗೆ ಬೀದಿಯಲ್ಲಿ ಬೋರ್ಡು, ಎರಡು ಹನಿ ಎಣ್ಣೆಗೆ ಸಾಸಿವೆ ಡಬ್ಬಿಯ ಮರೆ.

"ಕಾನೂನು ಬೇಡವೇನಯ್ಯ?" ಅಂದರು ಚಿಕ್ಕಪ್ಪ. ಬೇಕು ಚಿಕ್ಕಪ್ಪ, ಓದೋಣ. 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯಲ್ಲಿ ಗಾಂಜಾ ಎಂದರೆ ಕ್ಯಾನಬಿಸ್ ಗಿಡದ, ಅಂದರೆ ಆಯುರ್ವೇದದ ವಿಜಯಾ ಗಿಡದ, ಹೂ ಅಥವಾ ಕಾಯಿ ಕಟ್ಟಿದ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಇದೇ ಬೆಂಗಳೂರಿನ ಬೇಗೂರಿನಲ್ಲಿ ಆ ಎಲೆಯಿಂದ ಮಾಡುವ ಭಂಗಿ 29 ಕಿಲೋದೊಂದಿಗೆ ಸಿಕ್ಕಿಬಿದ್ದವನೊಬ್ಬನಿಗೆ 2022ರ ಆಗಸ್ಟ್‌ನಲ್ಲಿ ಜಾಮೀನು ಕೊಡುವಾಗ ನಮ್ಮ ಹೈಕೋರ್ಟ್ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿತು. ಅಕ್ಕನ ಬಾಟಲಿಯದು ಎಲೆಯ ಸಾರ. ಅದಕ್ಕೆ ಆಯುಷ್ ಪರವಾನಗಿ ಇತ್ತು, ವೈದ್ಯರ ಚೀಟಿ ಇತ್ತು. ಹೈಕೋರ್ಟಿಗೆ ಗೊತ್ತಾದ ಗಡಿ ಹಾಲ್‌ನಲ್ಲಿ ಕೂತ ನಮ್ಮ ನ್ಯಾಯಾಧೀಶರಿಗೆ ಗೊತ್ತಾಗಲಿಲ್ಲ.

ಯಾಕೆ ಗೊತ್ತಾಗಲಿಲ್ಲ? 2020ನೇ ಇಸವಿಯನ್ನು ನೆನೆಸಿಕೊಳ್ಳಿ. ಫೆಬ್ರುವರಿಯಲ್ಲಿ ಕೋರಮಂಗಲದಲ್ಲಿ ದೇಶದ ಮೊದಲ ಮೆಡಿಕಲ್ ಕ್ಯಾನಬಿಸ್ ಕ್ಲಿನಿಕ್ ಎಂದು ಹೇಳಿಕೊಂಡು ಒಂದು ಕ್ಲಿನಿಕ್ ಬಾಗಿಲು ತೆರೆಯಿತು. ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕವಸ್ತು ಆಯೋಗದಲ್ಲಿ ಈ ಗಿಡವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಬೇಕೆಂದು 27 ದೇಶಗಳು ಮತ ಹಾಕಿದವು, 25 ಬೇಡವೆಂದವು. ಬೇಕು ಅಂದವರಲ್ಲಿ ಭಾರತವೂ ಒಂದು. ಈ ಎರಡರ ನಡುವೆ, ಸೆಪ್ಟೆಂಬರ್‌ನಲ್ಲಿ, ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸು. ಟಿವಿಯಲ್ಲಿ ನಾವು ಹಗಲೂ ರಾತ್ರಿ ನೋಡಿದ್ದು ಯಾವುದನ್ನು? ನಟಿಯರ ಕಾರು, ಕೆಂಪಕ್ಷರ, ಕಿರುಚಾಟ. ಚಿಕ್ಕಪ್ಪ ಔಷಧಶಾಸ್ತ್ರ ಕಲಿತ ವಿಶ್ವವಿದ್ಯಾಲಯ ಅದು.

ಇನ್ನೊಂದು ಸಂಗತಿ ಕೇಳಿ, ನಿಮಗೂ ಕೋಪ ಬರಲಿ. ಔಷಧ ನಿಯಮಾವಳಿಯ ಇ-1 ಪಟ್ಟಿಯಲ್ಲಿ ಭಂಗಿ ಇದೆ. ಆ ಪಟ್ಟಿಯ ವಸ್ತು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು ಎಂಬ ಎಚ್ಚರಿಕೆ ಇರಲೇಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಿಯಮವೇ ಹಾಗಿದೆ. ಕನ್ನಡ ಮಾತ್ರ ಬಲ್ಲ ನಮ್ಮಕ್ಕ ತಾನು ನುಂಗುವ ಔಷಧಿಯ ಎಚ್ಚರಿಕೆಯನ್ನು ಓದಲಾರಳು. ಬ್ಯಾಂಕಿನಲ್ಲಿ ಹಿಂದಿ, ಮೆಟ್ರೋದಲ್ಲಿ ಹಿಂದಿ ಎಂದು ಜಗಳವಾಡಿದ್ದಾಯಿತು. ಈಗ ನೋವಿನ ಬಾಟಲಿಯ ಮೇಲೂ ಹಿಂದಿ. ವೈದ್ಯರು ಹೇಳಿದಂತೆ ಎಂಬ ಎರಡು ಪದ ಕನ್ನಡದಲ್ಲಿ ಇದ್ದಿದ್ದರೆ ಭಾವ ಮೊದಲು ಅದನ್ನು ಓದುತ್ತಿದ್ದರು. ಇಲ್ಲದ್ದರಿಂದ ಗೂಗಲ್ಲು ಓದಿದರು, ಗಾಂಜಾ ಎಂದು ಕೂಗಿದರು. ಕನ್ನಡದಲ್ಲಿ ಈ ಔಷಧಿಗೆ ಪೊಲೀಸರ ಪದ ಬಿಟ್ಟರೆ ಬೇರೆ ಪದವನ್ನು ಯಾರೂ ಮನೆಗೆ ತಲುಪಿಸಿಲ್ಲ.

ಎರಡು ಹನಿಗೆ ಕ್ಯಾನ್ಸರ್ ಕರಗುತ್ತದೆ ಎಂದು ಮಾರುವ ಮೋಸಗಾರರ ವಕಾಲತ್ತು ನನ್ನದಲ್ಲ. ಅವರನ್ನು ಜೈಲಿಗೆ ಹಾಕಿ. ನಿಜವಾದ ಅಪಾಯ ಇರುವುದು ಬಚ್ಚಿಡುವುದರಲ್ಲಿ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ನ ಕ್ಲೋಬಜಾಮ್‌ನಂಥ ಮಾತ್ರೆಗಳ ಜೊತೆ ಈ ಗಿಡದ ಸತ್ವ ಸೇರಿದರೆ ಏರುಪೇರಾಗಬಹುದು. ಅದಕ್ಕೇ ಕೀಮೋ ಕೊಟ್ಟ ಡಾಕ್ಟರಿಗೆ ಹೇಳಲೇಬೇಕಿತ್ತು. ಅಕ್ಕ ಅವರಿಗೂ ಹೇಳಿರಲಿಲ್ಲ. ಕೇಳಿದರೆ, "ಡಾಕ್ಟ್ರು ಅವರಿಗೆ ಹೇಳಿಬಿಟ್ರೆ?" ಅಂದಳು. ಅವರು ಎಂದರೆ ಭಾವ. ಮನೆತನದ ಮಾನ ಕಾಯುತ್ತೇವೆ ಎನ್ನುವವರು ಕಾದದ್ದು ಇಷ್ಟನ್ನು: ಒಬ್ಬ ಹೆಂಗಸು ಡಾಕ್ಟರ ಮುಂದೆಯೂ ಬಾಯಿ ಬಿಡದಂತೆ.

ಈಗ ಡಾಕ್ಟರಿಗೆ ಗೊತ್ತು. ಬಾಟಲಿ ಮಕ್ಕಳ ಕೈಗೆ ಸಿಗದಂತೆ ಮೇಲಿನ ಶೆಲ್ಫಿನಲ್ಲಿ, ಬಿಪಿ ಮಾತ್ರೆಯ ಪಕ್ಕದಲ್ಲಿ, ಎಲ್ಲರ ಕಣ್ಣೆದುರು ಇದೆ. ಪಕ್ಕದಲ್ಲಿ ವೈದ್ಯರ ಚೀಟಿಯನ್ನೂ ಅಂಟಿಸಿದ್ದೇವೆ. ಪಂಚಾಯಿತಿ ಮತ್ತೆ ಸೇರುವುದಾದರೆ ಸೇರಲಿ. ಬರುವಾಗ ಚಿಕ್ಕಪ್ಪ ತಮ್ಮ ಎಣ್ಣೆಗೂ ಒಂದು ಚೀಟಿ ಬರೆಸಿಕೊಂಡು ಬರಲಿ.